ಹಲ್ಲುಚಕ್ರದ ಚುಕ್ಕಿ

ಕುಂದಾಪುರ
8-2-1946

ತಂಗಿ ಸುಗಂಧಿಗೆ,

ನೋವು ಹೇಗಿದೆ ಎಂದು ಕೇಳುವುದಿಲ್ಲ, ಗೊತ್ತು. ಮುರಿದ ಸೊಂಟಕ್ಕೆ ಎತ್ತಿನ ಗಾಡಿಯ ಕುಲುಕು ಆಗದು ಎಂದು ಡಾಕ್ಟರು ಹೇಳಿದ ಮೇಲೆ, ತೆಕ್ಕಟ್ಟೆಯಿಂದ ನಿನ್ನನ್ನು ಇಲ್ಲಿನ ಆಸ್ಪತ್ರೆಗೆ ತರಲು ನಮ್ಮ ಹಳೇ ಕಾರೇ ಗತಿಯಾಯಿತಲ್ಲ. ಅದರ ಇಂಜಿನ್ನಿನೊಳಗಿನ ಎರಡು ಹಲ್ಲುಚಕ್ರ ಸವೆದುಹೋಗಿದ್ದವು. ಬೊಂಬಾಯಿಯಿಂದ ಹೊಸತು ತರಿಸಿ ಇವತ್ತು ಹಾಕಿದೆ.

ಸಣ್ಣದು ಎರಡು ಸುತ್ತು ಬರುವಾಗ ದೊಡ್ಡದು ಸರಿಯಾಗಿ ಒಂದೇ ಸುತ್ತು. ಯಾವಾಗ ಉಸಿರೆಳೆಯಬೇಕು, ಯಾವಾಗ ಬಿಡಬೇಕು ಎಂದು ಇಂಜಿನ್ನಿಗೆ ಹೇಳುವುದು ಇವೇ. ಎರಡರ ಮೇಲೂ ಕಂಪನಿಯವರು ಒತ್ತಿದ ಒಂದೊಂದು ಚುಕ್ಕಿ ಇರುತ್ತದೆ. ಅವು ಎದುರುಬದುರು ಕೂತರೆ ಸರಿ.

ಕೆಂಪು ಚುಕ್ಕಿ ನೋಡಿ ಕೂರಿಸಿದೆ. ಹ್ಯಾಂಡಲ್ ತಿರುಗಿಸಿದರೆ ಢಂ ಎಂದು ಕೆಮ್ಮಿತು. ಮೂರು ಸಲ ಬಿಚ್ಚಿದೆ. ಕಡೆಗೆ ನಿನ್ನ ಅತ್ತಿಗೆ ಬಂದು ಇಣುಕಿ, "ಹ್ವಾಯ್, ಅದ್ ಕಂಪ್ನಿದಲ್ಲ, ನಾನ್ ಇಟ್ಟ ಕುಂಕ್ಮ!" ಎಂದಳು. ಹೊಸ ಸಾಮಾನಿಗೆ ಪೂಜೆ ಮಾಡಿದ್ದಳಂತೆ. ಒರೆಸಿ ನೋಡಿದರೆ ನಿಜವಾದ ಚುಕ್ಕಿ ಮೂರು ಹಲ್ಲು ಆಚೆ, ಎಳ್ಳಿನಷ್ಟು ಸಣ್ಣದು.

ಅದನ್ನು ನೋಡಿ ಕೂರಿಸಿದೆ. ಸುಗಂಧಿ, ಹೇಗೆ ಬರೆಯಲಿ? ಇಂಜಿನ್ ಓಡುತ್ತಿರುವಾಗಲೇ ಬಾನೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟರೆ ನೀರು ತುಳುಕಲಿಲ್ಲ. ಎಲ್ಲಿಯದೋ ದೇಶದಲ್ಲಿ, ನಮ್ಮ ಹೆಸರೂ ಕೇಳದ ಯಾರೋ ಒಬ್ಬ ಒತ್ತಿದ ಚುಕ್ಕಿ! ನನ್ನ ಕೈ ತಾನಾಗಿ ಮುಗಿಯಿತು.

ಈ ಕಾಗದ ಇವತ್ತೇ ಆಳಿನ ಕೈಯಲ್ಲಿ ಕಳಿಸುತ್ತಿದ್ದೇನೆ; ನಾಳೆ ಬೆಳಿಗ್ಗೆ ಬರುತ್ತೇನೆ. ಗದ್ದೆಬದಿಯ ದಣಪೆಯ ಅಡ್ಡಗಳ ತೆಗೆಸಿಡು, ಕಾರು ಜಗಲಿಯ ತನಕ ಬರಲಿ. ನಿನ್ನನ್ನು ಹಾಸಿಗೆ ಸಮೇತ ಎತ್ತುತ್ತೇವೆ, ನಾಚಿಕೆ ಬೇಡ. ದಾರಿಯಲ್ಲಿ ಹೊಂಡ ಕಂಡರೆ ಇಳಿದು ಮಣ್ಣು ತುಂಬಿಯೇ ದಾಟಿಸುವೆ. ನೀನು ಕಣ್ಣು ಮುಚ್ಚಿ ಮಲಗಿದರಾಯಿತು.

ನಿನ್ನ ಅಣ್ಣಯ್ಯ,
ಸೂರಯ್ಯ