ನಿನ್ನ ಕೋಣೆಗೆ ಬೇರೆ ಲೈನು

ಮಗಳೇ,

ಕಂಪ್ಯೂಟರ್ ಆಟಕ್ಕೆಂದು ನೀನು ತಂದ ಹೊಸ ಗ್ರಾಫಿಕ್ಸ್ ಕಾರ್ಡಿನ ಡಬ್ಬಿಯಲ್ಲಿದ್ದ ಹಾಳೆಯನ್ನು ಪೂರ್ತಿ ಓದಿದೆ. ಹದಿನಾರು ಜಿಬಿ ಮೆಮೊರಿ, ಮೂರು ಫ್ಯಾನು, ಇವೆಲ್ಲ ನನ್ನ ತಲೆಗೆ ಹತ್ತಲಿಲ್ಲ. ಮುನ್ನೂರ ಅರವತ್ತು ವ್ಯಾಟ್ ಅನ್ನುವುದು ಮಾತ್ರ ಅರ್ಥವಾಯಿತು, ವೈರಿಂಗ್ ಕೆಲಸದವನಲ್ಲವೇ.

ನಿನ್ನೆ "ಆ ದರಿದ್ರ ನಮ್ಮನೇಲಿ ಬೇಡ" ಎಂದು ರೇಗಿದ್ದು ಆಟದ ಮೇಲಿನ ಸಿಟ್ಟಿನಿಂದಲ್ಲ. ನಿನ್ನ ಕೋಣೆಯ ಹಳೇ ವೈರಿನ ಮೇಲೆ ಗೀಸರಿನ ಭಾರವೂ ಇದೆ, ಸುಟ್ಟೀತೆಂಬ ಹೆದರಿಕೆ. ನೆಟ್ಟಗೆ ಹೇಳಲು ಬರಲಿಲ್ಲ. ನೀನು ಉಣ್ಣದೆ ಮಲಗಿದೆ, ನನಗೂ ತುತ್ತು ಇಳಿಯಲಿಲ್ಲ.

ನೀನು ಕಾಲೇಜಿಗೆ ಹೋದ ಮೇಲೆ ಬೇರೆ ಲೈನು ಎಳೆದಿದ್ದೇನೆ. ಕಂಪ್ಯೂಟರನ್ನು ಮೇಜಿನ ಹಿಂದಿನ ಬಿಳಿ ಪ್ಲಗ್ಗಿಗೇ ಹಾಕು. ಕಾರ್ಡಿನ ಪಿನ್ನನ್ನು ಒತ್ತಿ ಕೂರಿಸು, ಅರೆಬರೆ ಕೂತರೆ ಕರಗುತ್ತದೆ.

ನಿನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಇಟ್ಟಿದ್ದೇನೆ, ತೆಗೆಯಬೇಡ. ಅದು ನನಗೆ, ನಿನ್ನ ಆಟ ನೋಡಲು.

ಅಪ್ಪ