ನಾನು ಅಳಿಸಿದ ನಿನ್ನ ಸಾಲು

ನಿಖತ,

ಮೊದಲು ‘ಪ್ರೀತಿಯ’ ಅಂತ ಬರೆದಿದ್ದೆ, ಹೊಡೆದು ಹಾಕಿದೆ. ಸುಳ್ಳು ಬರೆಯಲು ಕೈ ಏಳಲಿಲ್ಲ. ಭಾತಂಬ್ರಾದ ಸಾಲಿ ಎಂಟನೇ ಇಯತ್ತೆಗೇ ಬಿಟ್ಟವಳು ನಾನು, ತಪ್ಪಿದ್ದರೆ ಸರಿಮಾಡಿಕೊಂಡು ಓದು. ಸರಿಮಾಡೋದನ್ನ ನಿನಗೆ ನಾನು ಹೇಳಿಕೊಡಬೇಕಾ?

ನೀನು ಔರಾದದಿಂದ ಬರುವ ಮುಂಚೆ, ಚಿದ್ರಿಯ ನಮ್ಮ ಕಚೇರಿಯಲ್ಲಿ ಹಳೇ ಪುಸ್ತಕಗಳ ಪಟ್ಟಿ ಟೈಪ್ ಮಾಡುವಾಗ ದಿನಕ್ಕೆ ಹತ್ತು ಸಲ ನನ್ನ ಹೆಸರು ಕೇಳುತ್ತಿತ್ತು. ಬೇರೆ ಕಡೆ ಕಂಟ್ರೋಲ್ ಹಿಡಿದು ಎಸ್ ಒತ್ತಿದರೆ ಬರೆದದ್ದು ಸೇವ್ ಆಗ್ತದ. ನಾವು ಪಟ್ಟಿ ಬರೆಯುವ ಟರ್ಮಿನಲ್ ಅನ್ನೋ ಕರೀ ಪರದೆಯಲ್ಲಿ ಒತ್ತಿದರೆ ಅದು ಕಲ್ಲಾಗಿ ನಿಲ್ತಿತ್ತು. “ಮಾಯಾಬಾಯಿ, ಲಗೂ ಬರ್ರಿ, ಮತ್ತ ಹಿಡೀತು!” ಅಂತ ಅಮೀರ ಪಾಶಾ ಚಾಚಾ ತಮ್ಮ ಮಶೀನಿನಿಂದ ಕೂಗೋರು. ನಾನು ಸೆರಗು ಅಡ್ಡ ಹಿಡಿದು ಕಂಟ್ರೋಲ್ ಜೊತೆ ಕ್ಯೂ ಒತ್ತುತ್ತಿದ್ದೆ, ಪರದೆ ಬಿಡುತ್ತಿತ್ತು. “ಏನ್ ಕೈಗುಣರೀ ನಿಮ್ದು!” ಒಮ್ಮೆ ಹೆದರಿ ಸಿಕ್ಕ ಸಿಕ್ಕ ಕೀ ಒತ್ತುವಾಗ ಗೊತ್ತಾದದ್ದು ಅದು. ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ಹತ್ತಿರ ಬೇರೆ ಏನಿತ್ತು?

ನೀನು ಬಂದ ಮೂರನೇ ದಿನಕ್ಕೆ ಎಲ್ಲರ ಮಶೀನಿನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆದಿ. “ಇದು ಮಶೀನಿನ ಹಳೇ ಕಾಲದ ಆದತ್, ಚಾಳಿ ಅಕ್ಕಾ, ಬಂದ್ ಮಾಡೇನಿ” ಅಂತ ನಕ್ಕಿ. ಆಮೇಲೆ ಪರದೆ ಹಿಡಿಯಲೇ ಇಲ್ಲ, ನನ್ನನ್ನು ಯಾರೂ ಕರೆಯಲೂ ಇಲ್ಲ. ಕೀಬೋರ್ಡಿನ ಮೇಲೆ ನಿನ್ನ ಬೆರಳು ಓಡೋದು ನೋಡಿದರೂ ಹೊಟ್ಟೆ ಉರಿಯುತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬರನ್ನೇ ಕಾಯಂ ಮಾಡ್ತಾರಂತ ಕೇಳಿದ ಮೇಲಂತೂ ಭಾಲ್ಕಿ ಬಸ್ಸಿನಲ್ಲಿ ಕೂತರೂ, ರೊಟ್ಟಿ ಬಡಿದರೂ ಅದೇ ಚಿಂತಿ.

ಮಂಗಳವಾರ ಸಂಜೆ ಚಾಚಾನ ಮಶೀನಿನಿಂದ ನಿನ್ನ ಸಾಲು ಅಳಿಸಿದವಳು ನಾನೇ. ಮರುದಿನ ಪರದೆ ಹಿಡೀತದ, ನನ್ನನ್ನು ಕರೀತಾರ, ಅಷ್ಟೇ ನನ್ನ ಆಸೆ. ಆದರೆ ಬುಧವಾರವೇ ನನ್ನ ಬಸ್ಸು ದಾರಿಯಲ್ಲಿ ಕೆಟ್ಟಿತು. ನಾನು ಕಚೇರಿ ಮುಟ್ಟುವುದರೊಳಗೆ ಚಾಚಾ ಗಾಬರಿಯಾಗಿ ವಾಯರೇ ಕಿತ್ತಿದ್ದರು. ಮುಂಜಾನೆಯ ಕೆಲಸವೆಲ್ಲ ಹೋಗಿತ್ತು. ನಮ್ಮ ಮುಖ್ಯಸ್ಥರು ಶಿವಕಾಂತ ಸರ್ ನಿನಗೆ ಎಲ್ಲರೆದುರು ಬೈಯುತ್ತಿದ್ದರು, “ಎಲ್ಲಾ ರಿಪೇರಿ ಮಾಡೇನಿ ಅಂದಿದ್ದಿಯಲ್ಲ, ಇದೇನು?” ನೀನು ಫೈಲು ತೆರೆದು ನೋಡಿದಿ. ನನ್ನ ಮುಖ ನೋಡಿದಿ. “ನಂದೇ ಚೂಕ್ ಆಗಿರಬೇಕ್ರಿ ಸರ್” ಅಂದಿ.

ಬೈದಿದ್ದರೆ ಸಹಿಸುತ್ತಿದ್ದೆ. ಓದು ನಿನಗೆ, ವಯಸ್ಸು ನಿನಗೆ, ದೊಡ್ಡ ಮನಸ್ಸೂ ನಿನಗೇ ಬೇಕಾಗಿತ್ತಾ? ಅದರ ಮೇಲೂ ಮತ್ಸರ ಬರ್ತದ, ಏನು ಮಾಡಲಿ.

ನಾಳೆ ಸರ್ ಮುಂದೆ ನಿಂತು ಎಲ್ಲ ಹೇಳ್ತೇನಿ. ಕೆಲಸ ಹೋದರೂ ಹೋದೀತು. ನೀನು ನಡುವೆ ಬಂದು ತಪ್ಪು ನಂದೂ ಅಂತ ಹೇಳಬ್ಯಾಡ. ಇದೊಂದಾದರೂ ನಂದೇ ಇರಲಿ.

ನಿನಗೆ ಒಳ್ಳೆಯದಾಗಲಿ. ಪೂರಾ ಮನಸ್ಸಿನಿಂದ ಹೀಗೆ ಬರೀಲಿಕ್ಕೆ ನನಗೆ ಇನ್ನೂ ಸ್ವಲ್ಪ ದಿನ ಬೇಕು.

ಮಹಾಮಾಯಾ