ಎಲಿದಾಳ ಪ್ರಿಂಟರಿಗೆ ದಿನಾ ಜ್ವರ

ಜೂನ್ 3, ಸೋಮವಾರ. ಸಂಜೆ 6

ನಮ್ಮ ಮನೆಯವರು ಮತ್ತೆ ಅಲ್ಲಿಗೇ. ಐದಕ್ಕೆ ಬರುತ್ತೇನೆ ಅಂದವರು ಇನ್ನೂ ಇಲ್ಲ. ಮಾರ್ಕೆಟ್ ರಸ್ತೆಯ ಎಲಿದಾಳ ಅಂಗಡಿ — ಮದುವೆ ಕಾರ್ಡು, ಶವಸಂಸ್ಕಾರದ ಪತ್ರಿಕೆ, ಜೆರಾಕ್ಸು. ಅವಳ ಗಂಡ ಸತ್ತು ಮೂರು ವರ್ಷ. ನಕ್ಕರೆ ಹಲ್ಲೆಲ್ಲ ಕಾಣುತ್ತದೆ.

ಕೇಳಿದರೆ ಇವರದು ಒಂದೇ ಉತ್ತರ. "ಹಳೇ ಪ್ರಿಂಟರ್ ಕಣೇ. ದೊಡ್ಡ ಫೋಟೋ ಕೊಟ್ರೆ ಅರ್ಧ ಹೊಡ್ದು ನಿಂತ್ಬಿಡುತ್ತೆ. ಮೆಮೊರಿ ಸಾಲ್ದು."

ಇಡೀ ಜೊಂಬಾ ಊರಲ್ಲಿ ರಿಪೇರಿ ಬಲ್ಲವರು ಇವರೊಬ್ಬರೇನಾ? ಮಗಳು ತಡಾಲಾ ಉಂಡಳು, ಇವರ ನ್ಸಿಮಾ ಮುದ್ದೆ ಆರಿ ಕಲ್ಲಾಯಿತು.

ಜೂನ್ 6, ಗುರುವಾರ

ಪಕ್ಕದ ಮನೆಯ ನಾಸಿಬೆಕೊ ಬ್ಲೌಸ್ ಹೊಲಿಸಲು ಬಂದಳು. ಬಂದವಳು ಸುಮ್ಮನಿರಬೇಕಲ್ಲ. "ತಡಾಲಾ ಅಮ್ಮ, ನಿಮ್ಮ ಮನೆಯವ್ರು ಎಲಿದಾ ಅಂಗಡೀಲೇ ಒಂದು ರಿಪೇರಿ ಬೋರ್ಡ್ ಹಾಕ್ಕೊಂಡ್ರೆ ಓಡಾಟ ತಪ್ಪುತ್ತೆ ನೋಡಿ." ಸೂಜಿ ಬೆರಳಿಗೇ ಹೊಕ್ಕಿತು.

ಊಟಕ್ಕೆ ಕೂತಾಗ ಇವರನ್ನು ಕೇಳಿದೆ. ಪಾಠವನ್ನೇ ಮಾಡಿದರು. ಫೋಟೋ ಹಗುರ ಮಾಡಬೇಕಂತೆ. ಎರಡು ತುಂಡು ಮಾಡಿ ಹೊಡೆಯಬೇಕಂತೆ. ಒಂದೊಂದೇ ಪುಟ ಕಳಿಸಬೇಕಂತೆ. ಹೊಸ ಮೆಮೊರಿ ಚಿಪ್ ಬ್ಲಾಂಟೈರ್ ಪಟ್ಟಣದಿಂದ ಬರಬೇಕಂತೆ, ಅಲ್ಲಿಯವರೆಗೆ ದಿನಾ ಹೋಗಿ ಓಲೈಸಬೇಕಂತೆ... ಯಾರನ್ನು ಅಂತ ಹೇಳಲಿಲ್ಲ.

ನನ್ನ ಹೊಲಿಗೆ ಮಿಷನ್ನಿನ ಪೆಡಲು ಕಿರುಗುಟ್ಟಿ ಎರಡು ತಿಂಗಳಾಯಿತು. ಅದನ್ನು ಓಲೈಸಲು ಯಾರೂ ಬರಲಿಲ್ಲ. ನಾನೇ ಬಿಚ್ಚಿ ಎಣ್ಣೆ ಬಿಟ್ಟೆ.

ಜೂನ್ 14, ಶುಕ್ರವಾರ. ಬೆಳಿಗ್ಗೆ

ನೀಲಿ ಅಂಗಿ. ತಾವೇ ಇಸ್ತ್ರಿ ಹಾಕಿಕೊಂಡರು. ಹದಿನಾಲ್ಕು ವರ್ಷದಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದು ಇದೇ ಮೊದಲು. ಪ್ರಿಂಟರಿಗೆ ಇಸ್ತ್ರಿ ಅಂಗಿ ಯಾಕೆ ಬೇಕು?

ಅವಳೇ ಕೆಡಿಸುತ್ತಾಳೆ. ಇವರು ಸರಿಮಾಡಿ ಬಂದ ಮೇಲೆ ಏನೋ ಎಳೆದು ಬಿಡುತ್ತಾಳೆ. ಖಂಡಿತ. ಹೊಟ್ಟೆ ಉರಿಯುತ್ತಿದೆ. ಉರಿಯುತ್ತಿದೆ ಅಂತಲೇ ಬರೆಯುತ್ತೇನೆ, ಇದನ್ನು ಓದುವವರಾದರೂ ಯಾರು.

ಜೂನ್ 20, ಗುರುವಾರ. 10 ಗಂಟೆ

ಸಣ್ಣ ಸ್ಕ್ರೂಡ್ರೈವರ್ ಬೇಕಿತ್ತು. ಇವರ ಹಳೇ ಚೀಲಕ್ಕೆ ಕೈ ಹಾಕಿದೆ. ತಳದಲ್ಲಿ ಸಣ್ಣ ಪೊಟ್ಟಣ. ಮೇಲೆ ಇವರದೇ ಅಕ್ಷರ: ಎಲಿದಾ, ಪ್ರಿಂಟರ್ ಮೆಮೊರಿ. ಜೊತೆಗೆ ಬ್ಲಾಂಟೈರ್ ಬಸ್ಸಿನ ಪಾರ್ಸೆಲ್ ಚೀಟಿ. ತಾರೀಖು ಮೇ 29.

ಮೇ 29!

ಮೂರು ವಾರದಿಂದ ಮನೆಯಲ್ಲೇ ಇದೆ. ಕೆಡಿಸಿದ್ದು ಅವಳಲ್ಲ. ಸರಿಮಾಡದೆ ಇಟ್ಟುಕೊಂಡಿದ್ದು ಅವನು. ಹೌದು, ಅವನು. ಇವತ್ತು ಬಹುವಚನ ಇಲ್ಲ.

ಅದೇ ದಿನ. 3 ಗಂಟೆ

ಪೊಟ್ಟಣ ಹಿಡಿದು ಅಂಗಡಿಗೆ ಹೋಗಿ ಬಂದೆ. ಅವನು ಅಲ್ಲಿರಲಿಲ್ಲ.

ಅಂಗಡಿಯಲ್ಲಿ ಮದುಮಗಳ ಚಿಕ್ಕಮ್ಮ ಎಲಿದಾಳನ್ನು ತರಾಟೆಗೆ ತೆಗೆದುಕೊಂಡಿದ್ದಳು. "ಶನಿವಾರ ಮದ್ವೆ! ಫೋಟೋದಲ್ಲಿ ನಮ್ಮ ಹುಡ್ಗಿಗೆ ಮೂಗಿನ ಕೆಳಗೆ ಏನೂ ಇಲ್ವಲ್ಲ. ಬಾಯಿಲ್ದೆ ಚರ್ಚಿಗೆ ಹೋಗ್ಬೇಕಾ?"

ಎಲಿದಾ ನನ್ನನ್ನು ಕಂಡು ಅಳುವುದೊಂದು ಬಾಕಿ. "ತಡಾಲಾ ಅಮ್ಮ, ದಿನಾ ಇದೇ ಬೈಗುಳ. ಬ್ಲಾಂಟೈರಿಂದ ಬಂತಾ ಕೊನೆಗೂ?"

"ಇವತ್ತೇ ಬಂತು," ಅಂದೆ. ಅವನ ಮಾನ ಉಳಿಸಲು ನಾನು ಸುಳ್ಳು ಹೇಳಿದೆ!

ಸ್ವಿಚ್ ಆರಿಸಿದೆ, ವೈರ್ ಕಿತ್ತೆ. ಪಕ್ಕದ ಮುಚ್ಚಳ, ಒಂದೇ ಸ್ಕ್ರೂ. ಇಷ್ಟು ವರ್ಷ ಅವನಿಗೆ ಟಾರ್ಚ್ ಹಿಡಿದವಳಿಗೆ ಇಷ್ಟೂ ಬಾರದೇ? ಚಿಪ್ ಇಟ್ಟು ಟಕ್ ಅನ್ನುವವರೆಗೆ ಒತ್ತಿದೆ. ಪ್ರಿಂಟರ್ ಬಹಳ ಹೊತ್ತು ಗೊಣಗಿತು. ಆಮೇಲೆ ಮದುಮಗಳು ಪೂರ್ತಿ ಬಂದಳು, ಬಾಯಿ, ಹೂಗುಚ್ಛ, ಚಪ್ಪಲಿಯವರೆಗೆ. ಎಲಿದಾ ನನ್ನನ್ನು ತಬ್ಬಿಕೊಂಡಳು. ಕೆಟ್ಟವಳಲ್ಲ. ಅದೇ ಇನ್ನೂ ಸಂಕಟ.

ಟೀ ಕೊಟ್ಟಳು. "ನಿಮ್ಮ ಲೈಸನ್ ಅವ್ರು ಎಷ್ಟು ನಗಿಸ್ತಾರಪ್ಪ! ಮಿನಿಬಸ್ಸಿಗೆ ಮೇಕೆ ಹತ್ತಿಸಿದ ಕಥೆ... ನೀವಂತೂ ಸಾವಿರ ಸಲ ಕೇಳಿರ್ತೀರ."

"ಕೇಳಿದೀನಿ ಬಿಡಿ," ಅಂದೆ.

ಕೇಳಿಲ್ಲ. ಒಂದು ಸಲವೂ ಕೇಳಿಲ್ಲ. ಮನೆಯಲ್ಲಿ ಅವನು ಆಡುವುದು ಉಪ್ಪು ಕಮ್ಮಿ, ಕರೆಂಟ್ ಹೋಯ್ತು, ಇಷ್ಟೇ. ಅವಳ ಹಲ್ಲಿನ ಮೇಲೆ ಹೊಟ್ಟೆಕಿಚ್ಚಿಲ್ಲ ಈಗ. ಆ ಮೇಕೆಯ ಮೇಲೆ!

ಜೂನ್ 21

ನಾಲ್ಕೂವರೆಗೇ ಬಂದ. ಅವಳು ಹೇಳಿರಲೇಬೇಕು. ಹಳೇ ಚೀಲದ ತಳಕ್ಕೆ ಕೈ ಹಾಕಿ ನೋಡಿ, ಮುಚ್ಚಿಟ್ಟ. ನಾನು ಹೊಲಿಗೆ ಬಿಟ್ಟು ಏಳಲಿಲ್ಲ.

ಜೂನ್ 25, ಮಂಗಳವಾರ. ಸಂಜೆ

ನಾಲ್ಕು ದಿನ ತಡೆದೆ. ಇವತ್ತು ತಡೆಯಲಿಲ್ಲ. ಅಂಗಳದಲ್ಲಿ ಕೂತಿದ್ದರು. ಎದುರು ಹೋಗಿ ನಿಂತೆ.

"ಮೇಕೆ ಕಥೆ ಹೇಳಿ."

 "ತಪ್ಪಾಯ್ತು ಕಣೇ. ಅಲ್ಲಿ ಬೇರೇನೂ ಇರ್ಲಿಲ್ಲ, ಆಣೆಗೂ. ನನ್ನ ಮಾತಿಗೆ ಒಂದಿಷ್ಟು ಜನ ನಗ್ತಿದ್ರು..."

"ಆಮೇಲೆ ಜಗಳ ಆಡೋಣ. ಮೊದ್ಲು ಕಥೆ."

ಒಬ್ಬ ಮಿನಿಬಸ್ಸಿಗೆ ಮೇಕೆ ತಂದನಂತೆ... ಪ್ರಾರ್ಥನೆ ಒಪ್ಪಿಸುವ ಹಾಗೆ ಶುರುಮಾಡಿದರು.

"ಹಾಗಲ್ಲ. ಅವಳಿಗೆ ಹೇಗೆ ಹೇಳಿದ್ರೋ ಹಾಗೆ."

 ಎದ್ದರು. ಹಗ್ಗದ ಮೇಲಿದ್ದ ನನ್ನ ಚಿಟೆಂಜೆ ಬಟ್ಟೆ ಎಳೆದು ತಲೆಗೆ ಸುತ್ತಿಕೊಂಡರು. ಮೇಕೆಗೂ ಹೀಗೇ ಸುತ್ತಿದ್ದನಂತೆ. "ಇವ್ರು ನಮ್ಮತ್ತೆ ಕಣಯ್ಯಾ, ಅಳಿಯ ಮುಖ ನೋಡೋ ಹಾಗಿಲ್ಲ, ನೀನೂ ಆ ಕಡೆ ತಿರುಗು!" ಕಂಡಕ್ಟರ್ ಆ ಕಡೆ ತಿರುಗಿ ಟಿಕೆಟ್ ಹಿಂದಕ್ಕೆ ಚಾಚಿದನಂತೆ. "ಸರಿ, ಅತ್ತೆ ಟಿಕೆಟ್ ಯಾಕೆ ತಿಂತಿದಾರೆ?" ತಡಾಲಾ ಓಡಿ ಬಂದು ಬಿದ್ದು ಬಿದ್ದು ನಕ್ಕಳು. ನಾನು ತುಟಿ ಕಚ್ಚಿ ನಿಂತೆ. ಸಿಟ್ಟು ಇಳಿದಿಲ್ಲ. ಅಷ್ಟು ಸುಲಭಕ್ಕೆ ಇಳಿಸುವವಳೂ ಅಲ್ಲ. ಆದರೆ ಕುತ್ತಿಗೆ ಉದ್ದ ಮಾಡಿ, ನನ್ನ ಕಡೆಯೇ ತಿರುಗಿ, ಮೆಲ್ಲಗೆ "ಮ್ಯಾ" ಅಂದಾಗ ನಾನೂ ನಕ್ಕುಬಿಟ್ಟೆ. ಜಗಳ ನಾಳೆ.